ಉಬ್ಬಿನೊಳಗೆ ಏನೂ ತುಂಬದೆ ಅನ್ಯೂರಿಸಂ ಮುಚ್ಚುವುದು ಹೇಗೆ?

ಪ್ರಶ್ನೆ: ಅಮ್ಮನ ಮೆದುಳಿನ ರಕ್ತನಾಳದಲ್ಲಿ ಅನ್ಯೂರಿಸಂ (ನಾಳದ ಗೋಡೆ ಬಲೂನಿನಂತೆ ಉಬ್ಬಿರುವುದು) ಇದೆ, ಒಡೆದಿಲ್ಲ. ಅದರ ಕತ್ತು ಅಗಲವಾಗಿದೆ, ಕಾಯಿಲ್ ನಿಲ್ಲುವುದು ಕಷ್ಟ, ಫ್ಲೋ ಡೈವರ್ಟರ್ ಹಾಕೋಣ ಎಂದಿದ್ದಾರೆ ಡಾಕ್ಟರ್. ಉಬ್ಬಿದ ಜಾಗಕ್ಕೆ ಏನೂ ತುಂಬಿಸುವುದಿಲ್ಲವಂತೆ, ಕೆಲವು ತಿಂಗಳು ಕಾದರೆ ತಾನಾಗಿಯೇ ಮುಚ್ಚಿಕೊಳ್ಳುತ್ತದಂತೆ. ಇದೆಂಥ ಚಿಕಿತ್ಸೆ?

ಉತ್ತರ: ಅನುಮಾನ ಬಂದದ್ದರಲ್ಲಿ ತಪ್ಪೇನಿಲ್ಲ. ಟೊಳ್ಳು ಇದ್ದರೆ ತುಂಬಬೇಕು ಅಂತಲೇ ಯಾರಿಗಾದರೂ ಅನ್ನಿಸುತ್ತದೆ. ಡಾಕ್ಟರುಗಳೂ ಬಹಳ ವರ್ಷ ಅದನ್ನೇ ಮಾಡಿದರು. 1990ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗ್ವಿಡೊ ಗುಲ್ಯೆಲ್ಮಿ ಎಂಬ ಇಟಲಿಯ ವೈದ್ಯರು ಪ್ಲಾಟಿನಂ ತಂತಿಯ ಸುರುಳಿಯನ್ನು, ಅಂದರೆ ಕಾಯಿಲ್ ಅನ್ನು, ನಾಳದೊಳಗಿಂದಲೇ ಸಾಗಿಸಿ, ಉಬ್ಬಿನಲ್ಲಿ ಕೂರಿಸಿ, ಕರೆಂಟ್ ಹಾಯಿಸಿ ಬಿಡಿಸುವ ವಿಧಾನವನ್ನು ಮೊದಲ ಬಾರಿಗೆ ರೋಗಿಯಲ್ಲಿ ಬಳಸಿದರು. ತಲೆಬುರುಡೆ ತೆರೆಯಬೇಕಿಲ್ಲ. ತೊಡೆಸಂದಿನ ಅಥವಾ ಮಣಿಕಟ್ಟಿನ ನಾಳದಿಂದಲೇ ದಾರಿ.

ಆದರೆ ಕಾಯಿಲ್ ನಿಲ್ಲಬೇಕಾದರೆ ಉಬ್ಬು ಬಿಂದಿಗೆಯ ಹಾಗಿರಬೇಕು: ಹೊಟ್ಟೆ ದೊಡ್ಡದು, ಕತ್ತು ಸಣ್ಣದು. ಬೋಗುಣಿಯಂತೆ ಬಾಯಿ ಅಗಲವಾಗಿದ್ದರೆ ಸುರುಳಿ ಜಾರಿ ಮುಖ್ಯ ನಾಳಕ್ಕೇ ಬೀಳಬಹುದು. ಕತ್ತು 4 ಮಿಲಿಮೀಟರ್ ಅಥವಾ ಜಾಸ್ತಿ ಇದ್ದರೆ ಅಗಲ ಎಂದೇ ಲೆಕ್ಕ. ಬಲೂನನ್ನೋ ಸ್ಟೆಂಟನ್ನೋ ಅಡ್ಡ ಕೊಟ್ಟು ಕಾಯಿಲ್ ತುಂಬುವುದೂ ಉಂಟು.

ಫ್ಲೋ ಡೈವರ್ಟರ್ ಉಬ್ಬಿನ ತಂಟೆಗೇ ಹೋಗುವುದಿಲ್ಲ. ಅದು ನವಿರಾದ ಲೋಹದ ಎಳೆಗಳಿಂದ ಹೆಣೆದ ಕೊಳವೆ. 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪೈಪ್‌ಲೈನ್ ಎಂಬುದರಲ್ಲಿ 48 ಎಳೆಗಳಿದ್ದವು. ಇದನ್ನು ಮುಖ್ಯ ನಾಳದಲ್ಲಿ, ಉಬ್ಬಿನ ಬಾಯಿಗೆ ಅಡ್ಡಲಾಗಿ ಬಿಚ್ಚುತ್ತಾರೆ. ಜಾಲರಿಯಲ್ಲಿ ಲೋಹ ಮೂರನೇ ಒಂದು ಪಾಲು, ಉಳಿದದ್ದು ಕಿಂಡಿ. ಅಷ್ಟು ಸಾಕಾ? ಸಾಕು. ಹೊಳೆಯ ಮಗ್ಗುಲಲ್ಲಿ ಮಡು ಇರುತ್ತದಲ್ಲ, ಅದರ ಬಾಯಿಗೆ ಒತ್ತಾಗಿ ಕಡ್ಡಿ ನೆಟ್ಟರೆ ನೀರು ಒಳಗೆ ಹೋಗುತ್ತದೆ, ಸುಳಿ ಸುತ್ತುವುದು ಮಾತ್ರ ನಿಂತುಹೋಗುತ್ತದೆ. ಹಾಗೇ ಉಬ್ಬಿನಲ್ಲಿ ನಿಂತ ರಕ್ತ ನಿಧಾನಕ್ಕೆ ಹೆಪ್ಪುಗಟ್ಟುತ್ತದೆ. ಜಾಲರಿಯ ಮೇಲೆ ನಾಳದ ಒಳಪದರ ಬೆಳೆದು ಹೊಸ ಗೋಡೆಯಾಗುತ್ತದೆ. ಹಾಕಿದ ಕ್ಷಣದಲ್ಲೇ ಪರದೆಯ ಮೇಲೆ ಇದರ ಸುಳಿವು ಸಿಗುತ್ತದೆ. ಎಕ್ಸ್‌ರೇಯಲ್ಲಿ ನಾಳ ಕಾಣಲೆಂದು ಡೈ ಬಿಟ್ಟಾಗ ಉಳಿದ ನಾಳಗಳೆಲ್ಲ ತಿಳಿಯಾದರೂ ಉಬ್ಬಿನ ತಳದಲ್ಲಿ ಮಾತ್ರ ಕಪ್ಪು ಹಾಗೇ ಉಳಿದಿರುತ್ತದೆ.

ಹಾಗಾದರೆ ಪಕ್ಕದ ಸಣ್ಣ ಕವಲುಗಳೂ ಮುಚ್ಚಿಹೋಗವಾ? ಸಾಮಾನ್ಯವಾಗಿ ಇಲ್ಲ. ಕವಲಿನ ತುದಿಯಲ್ಲಿ ಮೆದುಳಿದೆ, ಅದು ರಕ್ತ ಎಳೆದುಕೊಳ್ಳುತ್ತಲೇ ಇರುತ್ತದೆ. ಉಬ್ಬು ಮುಂದೆ ದಾರಿಯಿಲ್ಲದ ಗಲ್ಲಿ. ನನಗೆ ಈ ಚಿಕಿತ್ಸೆಯಲ್ಲಿ ತುಂಬ ಜಾಣತನದ್ದು ಅನ್ನಿಸುವುದು ಇದೇ.

ಕಾಯುವ ಲೆಕ್ಕ: ದೊಡ್ಡ, ಕಷ್ಟದ ಅನ್ಯೂರಿಸಂಗಳ ಮೇಲೆ ನಡೆದ ಪಫ್ಸ್ ಅಧ್ಯಯನದಲ್ಲಿ 6 ತಿಂಗಳಿಗೆ ನೂರಕ್ಕೆ ಸುಮಾರು 74, ಒಂದು ವರ್ಷದ ಆಂಜಿಯೋಗ್ರಾಂನಲ್ಲಿ ಸುಮಾರು 87 ಪೂರ್ತಿ ಮುಚ್ಚಿದ್ದವು.

ನಿಜವಾದ ತೊಡಕು ಮಾತ್ರೆಯದ್ದು. ಉಬ್ಬಿನೊಳಗೆ ರಕ್ತ ಹೆಪ್ಪುಗಟ್ಟಬೇಕು, ಜಾಲರಿಯ ಮೇಲೆ ಗಟ್ಟಬಾರದು! ಗಟ್ಟಿದರೆ ಸ್ಟ್ರೋಕ್. ಅದಕ್ಕೇ ಸಾಮಾನ್ಯವಾಗಿ ಹೆಪ್ಪು ತಡೆಯುವ ಎರಡು ಮಾತ್ರೆಗಳನ್ನು, ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಅನ್ನು, ಮೊದಲೇ ಶುರುಮಾಡಿ ತಿಂಗಳುಗಟ್ಟಲೆ ಕೊಡುತ್ತಾರೆ. ಕ್ಲೋಪಿಡೋಗ್ರೆಲ್ ಕೆಲವರ ಮೈಗೆ ಸರಿಯಾಗಿ ಹತ್ತುವುದಿಲ್ಲ, ಹಾಗಾಗಿ ರಕ್ತ ಪರೀಕ್ಷೆ ಮಾಡಿ ಮಾತ್ರೆ ಬದಲಿಸುವುದೂ ಇದೆ. ಒಡೆದ ಅನ್ಯೂರಿಸಂಗೆ ಫ್ಲೋ ಡೈವರ್ಟರ್ ಬಳಸಲು ಹಿಂಜರಿಯುವುದೂ ಇದಕ್ಕೇ. ರಕ್ತಸ್ರಾವ ಆಗಿರುವವರಿಗೆ ಎರಡೆರಡು ಇಂಥ ಮಾತ್ರೆ ಕೊಡುವುದು ಅಪಾಯ, ಜೊತೆಗೆ ಉಬ್ಬು ತಕ್ಷಣ ಮುಚ್ಚುವುದೂ ಇಲ್ಲ.

ಕಾಯುವ ದಿನಗಳಲ್ಲಿ ಅಪರೂಪಕ್ಕೆ ಉಬ್ಬು ಒಡೆಯಬಹುದು. ಹಿಂದೆಂದೂ ಬಾರದಂಥ ತಲೆನೋವು ಧುತ್ತನೆ ಬಂದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ತಡಮಾಡದೆ ಆಸ್ಪತ್ರೆಗೆ ಓಡಿ. ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೆ ಈ ಮಾತ್ರೆಗಳ ವಿಷಯ ಹೇಳಿ. ಅವರು ನಿಲ್ಲಿಸಿ ಎಂದರೂ ಸುಮ್ನೆ ನಿಲ್ಲಿಸಬೇಡಿ, ಜಾಲರಿ ಹಾಕಿದ ಡಾಕ್ಟರಿಗೆ ಮೊದಲು ಫೋನ್ ಮಾಡಿ.