ಸಗಟು, ಚಿಲ್ಲರೆ: ಸರ್ಕಾರಿ ಲೆಕ್ಕದಲ್ಲಿ ‘ವ್ಯಾಪಾರ’ ಅಂದರೆ ಏನು?

ಬೆಳಗಾವಿಯ ರವಿವಾರ ಪೇಟೆಯಂಥ ಕಡೆ ಒಂದೇ ಅಂಗಡಿಯಲ್ಲಿ ಎರಡೂ ಬಗೆಯ ಗಿರಾಕಿಗಳು ಸಿಗುತ್ತಾರೆ. ಹಳ್ಳಿಯ ಕಿರಾಣಿಯವರು ಬಂದು ಸಕ್ಕರೆ ಮೂಟೆ ಎತ್ತಿಸಿಕೊಂಡು ಹೋಗುತ್ತಾರೆ. ಅವರ ಹಿಂದೆಯೇ ಮನೆಯವರು ಬಂದು ಎರಡು ಕೆಜಿ ಬೆಲ್ಲ ಕೇಳುತ್ತಾರೆ. ಅಂಗಡಿಯವರಿಗೆ ಇದರಿಂದ ಏನೂ ತೊಂದರೆ ಇಲ್ಲ. ಆದರೆ ದೇಶದ ಆರ್ಥಿಕ ಲೆಕ್ಕ ಬರೆಯುವವರು ಆ ಅಂಗಡಿಯನ್ನು ಸಗಟು ಇಲ್ಲವೇ ಚಿಲ್ಲರೆ, ಯಾವುದಾದರೂ ಒಂದು ಖಾನೆಗೆ ಹಾಕಲೇಬೇಕು. ಹೇಗೆ ಹಾಕುತ್ತಾರೆ?

ಮೊದಲ ಪ್ರಶ್ನೆ: ಕೊಳ್ಳುವವರು ಯಾರು? ಸ್ವಂತಕ್ಕೆ, ಮನೆ ಬಳಕೆಗೆ ಕೊಳ್ಳುವವರಿಗೆ ಮಾರಿದರೆ ಅದು ಚಿಲ್ಲರೆ. ಇನ್ನೊಬ್ಬ ವ್ಯಾಪಾರಿಗೆ, ಹೋಟೆಲ್ಲಿಗೆ, ಕಾರ್ಖಾನೆಗೆ, ಹಾಸ್ಟೆಲ್ಲಿಗೆ ಮಾರಿದರೆ ಸಗಟು. ಎಷ್ಟು ಮಾರಿದರು ಅನ್ನುವುದು ಇಲ್ಲಿ ಮುಖ್ಯವಲ್ಲ. ಜಾಸ್ತಿ ಕೊಂಡರೆ ಹೋಲ್‌ಸೇಲ್, ಕಡಿಮೆ ಕೊಂಡರೆ ಚಿಲ್ಲರೆ ಅಂತಲೇ ನಮ್ಮಲ್ಲಿ ತುಂಬ ಜನ ತಿಳಿದಿರುತ್ತಾರೆ. ವಿಜಯಪುರದ ಒಂದು ಮನೆಯವರು ವರ್ಷದ ರೊಟ್ಟಿಗೆ ಅಂತ ಅಂಗಡಿಯಿಂದ ಎರಡು ಚೀಲ ಬಿಳಿಜೋಳ ತರಿಸಿದರು ಅಂದುಕೊಳ್ಳಿ. ಅದು ಚಿಲ್ಲರೆ ಮಾರಾಟವೇ. ಅದೇ ಅಂಗಡಿಯಿಂದ ಖಾನಾವಳಿಯವರು ಹತ್ತೇ ಕೆಜಿ ಜೋಳ ಒಯ್ದರೂ ಅದು ಸಗಟು. ಒಂದೇ ಅಂಗಡಿ ಎರಡನ್ನೂ ಮಾಡುತ್ತಿದ್ದರೆ ಯಾವುದರ ಪಾಲು ಜಾಸ್ತಿಯೋ ಆ ಖಾನೆಗೆ ಹೋಗುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಮುಖ್ಯ: ಮಾಲು ಬದಲಾಯಿತಾ? ಕೊಂಡದ್ದನ್ನು ರೂಪ ಬದಲಿಸದೆ ಮತ್ತೆ ಮಾರುವುದಷ್ಟೇ ವ್ಯಾಪಾರ. ಸಂಕೇಶ್ವರದ ಮೆಣಸಿನಕಾಯಿ ಕೊಂಡು, ತೊಟ್ಟು ತೆಗೆಸಿ, ಆರಿಸಿ, ಪ್ಯಾಕೆಟ್ ಮಾಡಿ ಮಾರಿದರೂ ಅದು ವ್ಯಾಪಾರವೇ. ಆರಿಸುವುದು, ಬೆರೆಸುವುದು, ಸಣ್ಣ ಚೀಲಕ್ಕೆ ತುಂಬುವುದು, ತಂಪಿನಲ್ಲಿ ಇಡುವುದು, ಇವೆಲ್ಲ ವ್ಯಾಪಾರದ ಮಾಮೂಲಿ ಕೆಲಸಗಳು. ಕುಟ್ಟಿ ಖಾರದಪುಡಿ ಮಾಡಿ ಮಾರಿದರೆ ಮಾತ್ರ ಅದು ತಯಾರಿಕೆ. ಹಾಗೆಯೇ ಗುಳೇದಗುಡ್ಡದ ನೇಕಾರರು ತಾವೇ ನೇಯ್ದ ಖಣವನ್ನು (ರವಿಕೆ ಬಟ್ಟೆ) ಮನೆಯಲ್ಲೇ ಮಾರಿದರೆ ಅವರು ತಯಾರಕರು. ಅದೇ ಖಣವನ್ನು ಅವರಿಂದ ಕೊಂಡು ಬಾಗಲಕೋಟೆಯ ಬಟ್ಟೆ ಅಂಗಡಿಯವರು ಮಾರಿದರೆ ಅದು ಚಿಲ್ಲರೆ ವ್ಯಾಪಾರ. ಸಂತೆಯಲ್ಲಿ ಅಕ್ಕಪಕ್ಕ ಕೂತ ಇಬ್ಬರು ಹೆಂಗಸರನ್ನು ನೋಡಿ. ಒಬ್ಬರು ತಮ್ಮ ಹೊಲದ ಬದನೆಕಾಯಿ ಮಾರುತ್ತಿದ್ದಾರೆ, ಇನ್ನೊಬ್ಬರು ಬೆಳಿಗ್ಗೆ ಸವಾಲಿನಲ್ಲಿ (ಹರಾಜಿನಲ್ಲಿ) ಕೊಂಡದ್ದನ್ನು ಮಾರುತ್ತಿದ್ದಾರೆ. ಮೊದಲಿನವರ ಗಳಿಕೆ ಕೃಷಿಯ ಲೆಕ್ಕಕ್ಕೆ, ಎರಡನೆಯವರದ್ದು ವ್ಯಾಪಾರದ ಲೆಕ್ಕಕ್ಕೆ.

ಈ ಖಾನೆಗಳಿಗೆಲ್ಲ ನಂಬರ್ ಇದೆ. ನಮ್ಮ ದೇಶದ 2008ರ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣವನ್ನು ವಿಶ್ವಸಂಸ್ಥೆಯ ವರ್ಗೀಕರಣದ ಮೇಲೆಯೇ ಕಟ್ಟಿದ್ದಾರೆ. ಅದರಲ್ಲಿ ವ್ಯಾಪಾರ ‘ಜಿ’ ವಿಭಾಗ. 45 ಅಂದರೆ ಮೋಟಾರು ವಾಹನ, ಬೈಕುಗಳ ಮಾರಾಟ ಮತ್ತು ರಿಪೇರಿ. 46 ಉಳಿದ ಸಗಟು, 47 ಉಳಿದ ಚಿಲ್ಲರೆ. 47ರ ಒಳಗೆ ಸಂತೆ, ತಳ್ಳುಗಾಡಿಗಳಿಗೇ 478 ಅಂತ ಒಂದು ಗುಂಪಿದೆ. ಎಪಿಎಂಸಿಯ ದಲಾಲರು, ಅಡತ ಅಂಗಡಿಯವರು 461ರಲ್ಲಿ ಬರುತ್ತಾರೆ. ಮಾಲು ಅವರ ಸ್ವಂತದ್ದಲ್ಲದಿದ್ದರೂ ಅವರದು ಸಗಟು ವ್ಯಾಪಾರವೇ.

ಇಲ್ಲಿಯವರೆಗೆ ಯಾರು ಯಾವ ಖಾನೆ ಅಂತ ಆಯಿತು. ನನ್ನ ಮಟ್ಟಿಗೆ ನಿಜವಾದ ವಿಷಯ ಮುಂದಿದೆ: ಆ ಖಾನೆಯಲ್ಲಿ ಬರೆಯುವ ರೂಪಾಯಿ ಯಾವುದು?

ವ್ಯಾಪಾರಿಯ ಒಟ್ಟು ಮಾರಾಟವನ್ನು ಅವರ ಉತ್ಪಾದನೆ ಅಂತ ಯಾರೂ ಬರೆಯುವುದಿಲ್ಲ. ಬರೆಯುವುದು ಕೊಂಡ ದರ ಮತ್ತು ಮಾರಿದ ದರದ ನಡುವಿನ ಅಂತರ ಮಾತ್ರ. ಇದನ್ನು ವ್ಯಾಪಾರದ ಮಾರ್ಜಿನ್ ಅನ್ನುತ್ತಾರೆ. ವಿಜಯಪುರದ ಒಂದು ಕೆಜಿ ಒಣದ್ರಾಕ್ಷಿಯನ್ನು ಹಿಂಬಾಲಿಸಿ ನೋಡೋಣ. ದರಗಳು ಸುಮ್ನೆ ಲೆಕ್ಕಕ್ಕೆ ಇಟ್ಟುಕೊಂಡವು. ರೈತರಿಂದ ವರ್ತಕರು 150 ರೂಪಾಯಿಗೆ ಕೊಂಡರು. ಕಿರಾಣಿಯವರಿಗೆ 175ಕ್ಕೆ ಕೊಟ್ಟರು. ಕಿರಾಣಿಯವರು ಮನೆಯವರಿಗೆ 210ಕ್ಕೆ ಮಾರಿದರು. ಮೂರೂ ಮಾರಾಟ ಕೂಡಿಸಿದರೆ 535 ರೂಪಾಯಿ. ಆದರೆ ಇದ್ದದ್ದು ಒಂದೇ ಕೆಜಿ ದ್ರಾಕ್ಷಿ, ಅಲ್ವಾ? ವರ್ತಕರ ಮಾರ್ಜಿನ್ 25, ಕಿರಾಣಿಯವರದ್ದು 35. ರೈತರ 150ಕ್ಕೆ ಈ 60 ಸೇರಿಸಿ. ತೆರಿಗೆ ಬಿಟ್ಟರೆ, ಮನೆಯವರು ಕೊಟ್ಟ 210 ಸರಿಯಾಗಿ ಬಂತು. ಒಂದೇ ಮಾಲು ಎಷ್ಟು ಕೈ ಬದಲಿಸಿದರೂ ಅದನ್ನು ಎರಡೆರಡು ಸಲ ಎಣಿಸಬಾರದು, ಅದಕ್ಕೇ ಈ ಪದ್ಧತಿ. ದಲಾಲರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಒಂದು ಲಕ್ಷದ ಮಾಲು ಸವಾಲು ಮಾಡಿಸಿ ಎರಡು ಸಾವಿರ ದಲಾಲಿ ಪಡೆದರೆ ಅವರ ಹೆಸರಿಗೆ ಬರುವುದು ಆ ಎರಡು ಸಾವಿರ ಮಾತ್ರ.

ಮಾರ್ಜಿನ್ ಕೂಡ ಕೊನೆಯ ಅಂಕಿಯಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಗಂಡ ಹೆಂಡತಿ ನಡೆಸುವ ಒಂದು ಕಿರಾಣಿ ಅಂಗಡಿ ಅಂದುಕೊಳ್ಳಿ. ತಿಂಗಳಿಗೆ 2,00,000 ರೂಪಾಯಿ ಮಾರಾಟ. ಆ ತಿಂಗಳು ತಂದ ಮಾಲು 1,80,000. ಹಾಗಾದರೆ ಮಾರ್ಜಿನ್ 20,000 ಅಂತ ಅನ್ನಿಸುತ್ತದೆ. ಆದರೆ ತಿಂಗಳ ಮೊದಲಿಗೆ ಅಂಗಡಿಯಲ್ಲಿ 90,000ದ ಮಾಲಿತ್ತು, ಕೊನೆಗೆ 1,00,000ದ ಮಾಲು ಉಳಿದಿದೆ. ಅಂದರೆ ನಿಜವಾಗಿ ಮಾರಾಟವಾದ ಮಾಲಿನ ಕೊಂಡ ಬೆಲೆ 1,70,000. ಮಾರ್ಜಿನ್ 30,000. ಅದರಲ್ಲಿ ಕರೆಂಟ್ ಬಿಲ್ 1,500, ಪೇಟೆಯಿಂದ ಮಾಲು ತಂದ ಟೆಂಪೋ ಬಾಡಿಗೆ 2,500, ಚೀಲ, ಫೋನು ಅಂತ 1,000 ಕಳೆಯಿರಿ. ಉಳಿದ 25,000 ಆ ಅಂಗಡಿಯ ಒಟ್ಟು ಮೌಲ್ಯವರ್ಧನೆ. ದೇಶದ ಜಿಡಿಪಿ ಲೆಕ್ಕಕ್ಕೆ ಸೇರುವ ಅಂಕಿ ಇದು. ಎರಡು ಲಕ್ಷದ ವ್ಯಾಪಾರ ಅಂತ ಊರವರು ಮಾತಾಡುತ್ತಾರೆ. ಆ ಇಬ್ಬರ ದುಡಿಮೆ, ಹಾಕಿದ ಬಂಡವಾಳ, ಉದ್ದರಿ ಕೊಟ್ಟು ಕಾಯುವ ಕಷ್ಟ, ಎಲ್ಲಕ್ಕೂ ಸೇರಿ ಸಿಗುವುದು 25,000.

ದಾಸ್ತಾನಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬೇಸಿಗೆಯಲ್ಲಿ 150ಕ್ಕೆ ಕೊಂಡ ಒಣದ್ರಾಕ್ಷಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದೀಪಾವಳಿಗೆ 220ಕ್ಕೆ ಮಾರಿದರೆ ವರ್ತಕರು 70 ರೂಪಾಯಿ ಲಾಭ ಅನ್ನುತ್ತಾರೆ. ರಾಷ್ಟ್ರೀಯ ಲೆಕ್ಕದ ಅಂತರರಾಷ್ಟ್ರೀಯ ನಿಯಮ ಬೇರೆ ಪ್ರಶ್ನೆ ಕೇಳುತ್ತದೆ: ಮಾರುವ ದಿನ ಅದೇ ಮಾಲನ್ನು ಹೊಸದಾಗಿ ಕೊಳ್ಳಬೇಕಿದ್ದರೆ ಎಷ್ಟಾಗುತ್ತಿತ್ತು? 190 ಅಂದರೆ ಮಾರ್ಜಿನ್ 30. ಉಳಿದ 40 ದರ ಏರಿದ್ದರಿಂದ ಬಂದದ್ದು, ಅದು ಉತ್ಪಾದನೆ ಅಲ್ಲ. ಸುಗ್ಗಿಯ ಮಾಲನ್ನು ಕಾಪಿಟ್ಟು ಬೇರೆ ಕಾಲಕ್ಕೆ ಒದಗಿಸುವುದೂ ಒಂದು ಸೇವೆ ಅಂತ ಅದೇ ನಿಯಮಗಳು ಒಪ್ಪುತ್ತವೆ. ಆದರೆ ಬರೀ ದರ ಏರಿತು ಅನ್ನುವ ಕಾರಣಕ್ಕೆ ದೇಶದ ಉತ್ಪಾದನೆ ಏರಿತು ಅಂತ ಬರೆಯುವಂತಿಲ್ಲ.

ಇನ್ನು ಈ ಅಂಕಿಗಳು ಸಿಗುವುದು ಎಲ್ಲಿಂದ? ಕಂಪನಿಗಳು ಪ್ರತಿ ವರ್ಷ ಲೆಕ್ಕ ಸಲ್ಲಿಸುತ್ತವೆ, ಅದರಿಂದ ತೆಗೆದುಕೊಳ್ಳಬಹುದು. ಸಣ್ಣ ಅಂಗಡಿಗಳದ್ದೇ ಕಷ್ಟ. ಮಾಲು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಮೇಲಿನ ಕಿರಾಣಿ ಅಂಗಡಿಯದ್ದು 24 ಲಕ್ಷ, ಹಾಗಾಗಿ ಜಿಎಸ್‌ಟಿ ದಾಖಲೆಯಲ್ಲಿ ಅದು ಕಾಣದೇ ಇರಬಹುದು. ಅದಕ್ಕೆ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವರು ಮಾದರಿ ಸಮೀಕ್ಷೆ ಮಾಡುತ್ತಾರೆ. 2015–16ರ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಕೃಷಿಯೇತರ ಸಣ್ಣ ಘಟಕಗಳು ಸುಮಾರು 6.34 ಕೋಟಿ. ಅವುಗಳಲ್ಲಿ 2.30 ಕೋಟಿ ವ್ಯಾಪಾರದವು. 2023–24ರ ಸಮೀಕ್ಷೆಯಲ್ಲಿ ಒಟ್ಟು ಘಟಕಗಳು 7.34 ಕೋಟಿಗೆ ಏರಿದವು. 2025ರಿಂದ ಮೂರು ತಿಂಗಳಿಗೊಮ್ಮೆಯೂ ಅಂಕಿ ಬರುತ್ತಿದೆ.

ಈ ಸಮೀಕ್ಷೆಯಲ್ಲಿ ನನಗೆ ತುಂಬ ಇಷ್ಟವಾಗುವುದು ಅದು ಸಣ್ಣವರನ್ನು ಬಿಡದಿರುವುದು. ಕಾಯಂ ಆಳು ಇಲ್ಲದೆ ತಾವೇ ನಡೆಸುವ ಅಂಗಡಿ ಒಂದು ಬಗೆ, ಒಬ್ಬರಾದರೂ ಕಾಯಂ ಕೂಲಿಯಾಳು ಇರುವುದು ಇನ್ನೊಂದು ಬಗೆ. ಬುಟ್ಟಿ ಇಟ್ಟುಕೊಂಡು ಕಾಯಿಪಲ್ಲೆ ಮಾರುವ ಅವ್ವನೂ ಒಂದು ಘಟಕವೇ. ಸಂಬಳವಿಲ್ಲದೆ ಗಲ್ಲೆಯಲ್ಲಿ ಕೂರುವ ಹೆಂಡತಿಯೂ ದುಡಿಯುವವರ ಎಣಿಕೆಗೆ ಸೇರುತ್ತಾಳೆ. ಮನೆಯವರೇ ಎಷ್ಟೋ ಸಲ ಅದನ್ನು ದುಡಿಮೆ ಅಂತ ಎಣಿಸುವುದಿಲ್ಲ.

ಆದರೆ ಉತ್ತರ ಸರಿಯಾಗಿ ಸಿಗಬೇಕಲ್ಲ. “ಅಣ್ಣಾರ, ಹೋದ ತಿಂಗಳ ಎಷ್ಟ ವ್ಯಾಪಾರ ಆಗೇತ್ರಿ?” ಅಂದರೆ “ಎಲ್ಲಿ ವ್ಯಾಪಾರ ತಗೀರಿ ಸರ್, ಹಂಗ ನಡದೈತಿ” ಅನ್ನುವವರೇ ಜಾಸ್ತಿ. ಹೆದರಿಕೆಗೆ ಕಾರಣವೂ ಇದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದದ್ದನ್ನು ಯಾರೂ ಮರೆತಿಲ್ಲ. ಸಮೀಕ್ಷೆ ಅದಲ್ಲ ಅನ್ನುವುದು ಗೊತ್ತಿರಲಿ. 2008ರ ಅಂಕಿಅಂಶ ಸಂಗ್ರಹಣ ಕಾಯ್ದೆಯಂತೆ ಕೊಟ್ಟ ಮಾಹಿತಿಯನ್ನು ಅಂಕಿಅಂಶದ ಕೆಲಸಕ್ಕೆ ಮಾತ್ರ ಬಳಸಬೇಕು, ಒಂದೊಂದು ಅಂಗಡಿಯ ವಿವರವನ್ನು ಹೊರಗೆ ಕೊಡುವಂತಿಲ್ಲ. ಸಮೀಕ್ಷೆಗೆ ಬಂದವರ ಗುರುತಿನ ಚೀಟಿ ಕೇಳಿ ನೋಡಿ, ಆಮೇಲೆ ಧೈರ್ಯವಾಗಿ ನಿಜವಾದ ಅಂಕಿ ಹೇಳಿ.

ಸುದ್ದಿಯಲ್ಲಿ ಬರುವ ಸಗಟು ಬೆಲೆ ಸೂಚ್ಯಂಕವನ್ನು ಮಾತ್ರ ಇದರ ಜೊತೆ ಕಲಸಬೇಡಿ. ಅದು ಕಾರ್ಖಾನೆ ಬಾಗಿಲಿನ ದರ, ಎಪಿಎಂಸಿ ದರಗಳ ಏರಿಳಿತ ಹೇಳುತ್ತದೆ. ಸಗಟು ವ್ಯಾಪಾರ ಎಷ್ಟಾಯಿತು ಅನ್ನುವುದನ್ನು ಹೇಳುವುದಿಲ್ಲ. ಅಮೆರಿಕದಲ್ಲಿ ಚಿಲ್ಲರೆ ಮಾರಾಟದ ಸರ್ಕಾರಿ ಅಂಕಿ ಪ್ರತಿ ತಿಂಗಳು ಬರುತ್ತದೆ. ನಮ್ಮಲ್ಲಿ ಅಂಥದ್ದಿಲ್ಲ. ಇಷ್ಟು ಅಂಗಡಿಗಳಿರುವ ದೇಶಕ್ಕೆ ಅದು ಬೇಕೇ ಬೇಕು ಅಂತ ನನ್ನ ಅನಿಸಿಕೆ.

ಅಂಗಡಿ ಇರುವವರಿಗೆ ಈ ನಂಬರುಗಳ ನೇರ ಉಪಯೋಗವೂ ಒಂದಿದೆ. 2021ರ ಜುಲೈ 2ರಂದು ಕೇಂದ್ರ ಸರ್ಕಾರ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳನ್ನೂ ಎಂಎಸ್ಎಂಇ, ಅಂದರೆ ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ ಅಡಿ ಸೇರಿಸಿತು. 45, 46, 47ರ ಖಾನೆಯವರು ಉದ್ಯಮ್ (ಇಂಥ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿಕೊಂಡರೆ ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕೆ (ಕೆಲವು ವಲಯಗಳಿಗೆ ಬ್ಯಾಂಕುಗಳು ಕೊಡಲೇಬೇಕಾದ ಸಾಲ) ಅರ್ಜಿ ಹಾಕಬಹುದು. ಅವರಿಗೆ ಕೊಟ್ಟದ್ದು ಈ ಸಾಲದ ಸೌಲಭ್ಯ ಮಾತ್ರ. ಅರ್ಜಿ ತುಂಬುವಾಗ ಕಿರಾಣಿಯವರು 47, ಅಡತಿಯವರು 46, ಬೈಕ್ ಶೋರೂಮಿನವರು 45ರಲ್ಲಿ ತಮ್ಮ ಸಾಲು ಹುಡುಕಬೇಕು. ಖಾರದಪುಡಿ ಕುಟ್ಟಿ ಮಾರುವವರು ಇಲ್ಲಿ ಹುಡುಕಬಾರದು, ಅವರು ತಯಾರಿಕೆಯ ಖಾನೆಗೆ ಹೋಗಬೇಕು. ಅಲ್ಲಿ ಎಂಎಸ್ಎಂಇಯ ಬೇರೆ ಸೌಲಭ್ಯಗಳೂ ಇವೆ.