ಏಳು ಪಟ್ಟ, ಮೂರು ಲೆಕ್ಕ

ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್ (ಸಾಮಾನ್ಯ ಕಾರುಗಳನ್ನು ಹೋಲುವ ಕಾರುಗಳ ಓಟ) ಅಭಿಮಾನಿಗಳ ನಡುವೆ ಮುಗಿಯದ ಜಗಳವೊಂದಿದೆ. ರಿಚರ್ಡ್ ಪೆಟ್ಟಿ, ಡೇಲ್ ಅರ್ನ್‌ಹಾರ್ಟ್, ಜಿಮ್ಮಿ ಜಾನ್ಸನ್ ಮೂವರೂ ಈ ರೇಸ್‌ಗಳನ್ನು ನಡೆಸುವ ಸಂಸ್ಥೆ ನಾಸ್ಕಾರ್‌ನ ಮೇಲ್ಮಟ್ಟದ ಸರಣಿಯಲ್ಲಿ ತಲಾ ಏಳು ಸಲ ಚಾಂಪಿಯನ್ ಆದವರು. ದೊಡ್ಡವರು ಯಾರು? ಪೆಟ್ಟಿ ಕಡೆಯವರು 200 ರೇಸ್ ಗೆದ್ದದ್ದನ್ನು ಮುಂದಿಡುತ್ತಾರೆ. ಜಾನ್ಸನ್ ಗೆದ್ದದ್ದು 83, ಅರ್ನ್‌ಹಾರ್ಟ್ 76. ಏಳಕ್ಕೆ ಏಳು ಸಮ ಎಂದು ಒಪ್ಪಿಕೊಂಡು ವಾದ ಶುರುಮಾಡುವುದೇ ತಪ್ಪು ಎನ್ನುವುದು ನನ್ನ ತಕರಾರು. ಪಟ್ಟ ಸಿಗುವುದು ರೇಸ್‌ಗಳಲ್ಲಿ ಗಳಿಸಿದ ಅಂಕಗಳ ಮೇಲೆ, ಆ ಅಂಕದ ಲೆಕ್ಕವೇ ಬದಲಾಗುತ್ತ ಬಂದಿದೆ. ಮೂವರೂ ಬರೆದ ಪರೀಕ್ಷೆಗಳೇ ಬೇರೆ.

ಈ ಆಟದಲ್ಲಿ ಗೆದ್ದವರು ಯಾರು ಎಂಬುದನ್ನು ಟ್ರ್ಯಾಕ್ ಒಂದೇ ತೀರ್ಮಾನಿಸಿದ್ದು ಕಡಿಮೆ. 1949ರ ಜೂನ್ 19ರಂದು ಶಾರ್ಲಟ್‌ನಲ್ಲಿ ನಡೆದ ಮೊದಲ ರೇಸಿನಲ್ಲೇ ಮೊದಲು ಗುರಿ ಮುಟ್ಟಿದ ಗ್ಲೆನ್ ಡನವೇ ಅನರ್ಹರಾದರು. ಕಾರಿನ ಹಿಂಬದಿ ಸ್ಪ್ರಿಂಗ್‌ಗಳನ್ನು ಮಾರ್ಪಡಿಸಲಾಗಿತ್ತು. ಕಳ್ಳಭಟ್ಟಿ ಸಾಗಿಸುವವರು ಭಾರ ಹೊತ್ತರೂ ಕಾರು ಕುಸಿಯದಿರಲಿ ಎಂದು ಮಾಡಿಕೊಳ್ಳುತ್ತಿದ್ದ ಉಪಾಯವದು. ಗೆಲುವು ಜಿಮ್ ರೋಪರ್ ಪಾಲಾಯಿತು. ಮರುವರ್ಷ, ನಾಸ್ಕಾರ್ ಒಪ್ಪಿಗೆಯಿಲ್ಲದ ರೇಸಿನಲ್ಲಿ ಓಡಿದ ತಪ್ಪಿಗೆ ಲೀ ಪೆಟ್ಟಿಯ ಅಂಕಗಳಿಗೆ ಕತ್ತರಿ ಬಿತ್ತು, ಪಟ್ಟ ಬಿಲ್ ರೆಕ್ಸ್‌ಫರ್ಡ್‌ಗೆ ಹೋಯಿತು. ಲೀ 1954ರವರೆಗೆ ಕಾಯಬೇಕಾಯಿತು. ಅವರ ಮಗನೇ ರಿಚರ್ಡ್.

ರಿಚರ್ಡ್ ಕಾಲದ ಕ್ಯಾಲೆಂಡರ್ ನೋಡಿದರೆ ಈಗಿನ ಚಾಲಕರಿಗೆ ತಲೆ ತಿರುಗಬೇಕು. ಅವರು ಮೊದಲ ಸಲ ಚಾಂಪಿಯನ್ ಆದ 1964ರಲ್ಲಿ ಇದ್ದದ್ದು 62 ರೇಸ್. ವಾರದ ಮಧ್ಯದಲ್ಲೂ ಯಾವುದೋ ಸಣ್ಣ ಊರಿನ ಅರ್ಧ ಮೈಲಿ ಟ್ರ್ಯಾಕಿಗೆ ಕಾರು ಎಳೆದುಕೊಂಡು ಹೋಗಬೇಕಿತ್ತು. 1967ರಲ್ಲಿ ಅವರು 48 ರೇಸ್ ಓಡಿ 27 ಗೆದ್ದರು, ಅದರಲ್ಲಿ 10 ಸತತವಾಗಿ. ಅದನ್ನು ಇವತ್ತಿನವರೆಗೆ ಯಾರೂ ಮುಟ್ಟಿಲ್ಲ. ಆದರೆ ಅಂಥ ಎಷ್ಟೋ ರೇಸ್‌ಗಳಿಗೆ ಎಲ್ಲ ದೊಡ್ಡ ತಂಡಗಳೂ ಬರುತ್ತಿರಲಿಲ್ಲ ಎಂಬುದೂ ನಿಜ. ಡೇವಿಡ್ ಪಿಯರ್ಸನ್ ಅವರನ್ನೇ ನೋಡಿ. 105 ಗೆಲುವಿನೊಂದಿಗೆ ಪೆಟ್ಟಿಯ ನಂತರದ ಸ್ಥಾನ ಇವರದೇ, ಪಟ್ಟ ಮಾತ್ರ ಮೂರು. ಯಾಕೆಂದರೆ ಪೂರ್ತಿ ಸೀಸನ್ ಓಡಿದ್ದೇ ಬೆರಳೆಣಿಕೆಯ ವರ್ಷ. ತಾನು ಎದುರಿಸಿದವರಲ್ಲಿ ಪಿಯರ್ಸನ್ ಅವರೇ ಅತ್ಯುತ್ತಮರು ಎಂದು ಪೆಟ್ಟಿ ಮತ್ತೆ ಮತ್ತೆ ಹೇಳಿದ್ದಾರೆ.

ಬದಲಾವಣೆ ಬಂದದ್ದು ಸಿಗರೇಟಿನ ದೆಸೆಯಿಂದ. 1971ರ ಜನವರಿಯಿಂದ ಅಮೆರಿಕದ ಟಿವಿ, ರೇಡಿಯೋಗಳಲ್ಲಿ ಸಿಗರೇಟ್ ಜಾಹೀರಾತು ನಿಷೇಧವಾಯಿತು. ಕೈಯಲ್ಲಿದ್ದ ಹಣಕ್ಕೆ ದಾರಿ ಹುಡುಕುತ್ತಿದ್ದ ಆರ್.ಜೆ. ರೆನಾಲ್ಡ್ಸ್ ಕಂಪನಿ ತನ್ನ ವಿನ್‌ಸ್ಟನ್ ಹೆಸರನ್ನು ಸರಣಿಗೆ ಅಂಟಿಸಿತು. 1972ಕ್ಕೆ ಸಣ್ಣ ರೇಸ್‌ಗಳು ಉದುರಿ 31 ಉಳಿದವು. ಅಂಕದ ಗೊಂದಲ ಮಾತ್ರ ಉಳಿಯಿತು. ಒಂದು ವರ್ಷ ರೇಸಿನ ಉದ್ದ ನೋಡಿ, ಇನ್ನೊಂದು ವರ್ಷ ಓಡಿದ ಸುತ್ತು ಎಣಿಸಿ, 1974ರಲ್ಲಂತೂ ಗೆದ್ದ ಬಹುಮಾನದ ಹಣವನ್ನು ಓಡಿದ ರೇಸ್‌ಗಳ ಸಂಖ್ಯೆಯಿಂದ ಗುಣಿಸಿ ಅಂಕ ಕೊಟ್ಟರು. ಪೆಟ್ಟಿಯ ಮೊದಲ ಐದು ಪಟ್ಟಗಳು ಬಂದದ್ದು ಹೀಗೆ ಬದಲಾಗುತ್ತಿದ್ದ ನಿಯಮಗಳಡಿ.

1975ರಲ್ಲಿ ರೇಸಿಂಗ್ ಇತಿಹಾಸಕಾರ ಬಾಬ್ ಲ್ಯಾಟ್‌ಫರ್ಡ್ ಇದನ್ನು ನೇರ ಮಾಡಿದರು. ಡೇಟೋನಾದ ಬಾರೊಂದರಲ್ಲಿ ನ್ಯಾಪ್ಕಿನ್ ಮೇಲೆ ಗೀಚಿದ ಲೆಕ್ಕವಂತೆ ಅದು. ಎಲ್ಲ ರೇಸಿಗೂ ಒಂದೇ ಅಂಕ: ಗೆದ್ದವರಿಗೆ 175, ಎರಡನೆಯವರಿಗೆ 170, ಒಂದು ಸುತ್ತಾದರೂ ಮುನ್ನಡೆ ಪಡೆದರೆ 5, ಅತಿ ಹೆಚ್ಚು ಸುತ್ತು ಮುನ್ನಡೆದರೆ ಮತ್ತೆ 5. ಸ್ವಲ್ಪ ಕೂಡಿ ನೋಡಿ. ಎರಡನೆಯವನೇ ಅತಿ ಹೆಚ್ಚು ಸುತ್ತು ಮುಂದಿದ್ದರೆ ಅವನಿಗೂ 180, ಗೆದ್ದವನಿಗೂ 180! ಇಲ್ಲಿ ಬೇಕಾದದ್ದು ವರ್ಷವಿಡೀ ಕಾರು ಕೆಡಿಸಿಕೊಳ್ಳದ ಜಾಣತನ. 1985ರಲ್ಲಿ ಬಿಲ್ ಎಲಿಯಟ್ 11 ರೇಸ್ ಗೆದ್ದರೂ ಮೂರೇ ಗೆದ್ದ ಡ್ಯಾರೆಲ್ ವಾಲ್ಟ್ರಿಪ್ ಚಾಂಪಿಯನ್ ಆದರು.

ಎದುರಾಳಿಯ ಬಂಪರ್‌ಗೆ ತಾಗಿಸಿ ದಾರಿ ಬಿಡಿಸಿಕೊಳ್ಳುತ್ತಿದ್ದ ಅರ್ನ್‌ಹಾರ್ಟ್, ಹುಂಬನಂತೆ ಕಂಡರೂ, ಈ ಲೆಕ್ಕವನ್ನು ಚೆನ್ನಾಗಿ ಅರಗಿಸಿಕೊಂಡಿದ್ದವರು. ಬಟ್ಟೆ ಗಿರಣಿಗಳ ಊರಾದ ಕನಾಪೊಲಿಸ್‌ನವರು, ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವರು. 1979ರಲ್ಲಿ ವರ್ಷದ ಹೊಸಬ ಪ್ರಶಸ್ತಿ, 1980ರಲ್ಲೇ ಮೊದಲ ಪಟ್ಟ. ಏಳನೆಯದು 1994ರಲ್ಲಿ. ಏಳೂ ಒಂದೇ ಲೆಕ್ಕದಡಿ, ಪೂರ್ತಿ ಸೀಸನ್‌ನಲ್ಲಿ ಗಳಿಸಿದವು. ನನ್ನ ಓಟು ಇವರಿಗೆ. 2001ರ ಫೆಬ್ರವರಿ 18ರಂದು ಡೇಟೋನಾ 500 ರೇಸಿನ ಕೊನೆಯ ಸುತ್ತಿನಲ್ಲಿ ಗೋಡೆಗೆ ಗುದ್ದಿ ಅವರು ತೀರಿಕೊಂಡರು. ತಲೆ, ಕುತ್ತಿಗೆಗೆ ಆಧಾರ ಕೊಡುವ ಸಾಧನವನ್ನು ಅದೇ ವರ್ಷ ಕಡ್ಡಾಯ ಮಾಡಲಾಯಿತು.

2003ರಲ್ಲಿ ಮ್ಯಾಟ್ ಕೆನ್ಸೆತ್ ಒಂದೇ ಒಂದು ರೇಸ್ ಗೆದ್ದು ಚಾಂಪಿಯನ್ ಆದರು. ಎಂಟು ಗೆದ್ದ ರಯಾನ್ ನ್ಯೂಮನ್ ಆರನೆಯವರು. ಮರುವರ್ಷವೇ ‘ಚೇಸ್’ ಬಂತು: 26 ರೇಸ್ ಮುಗಿದ ಮೇಲೆ ಮುಂದಿರುವವರ ಅಂಕಗಳನ್ನು ಹತ್ತಿರ ತಂದು, ಕೊನೆಯ 10 ರೇಸ್‌ಗಳಲ್ಲಿ ಪಟ್ಟ ತೀರ್ಮಾನ. ಜಾನ್ಸನ್ 2006ರಿಂದ 2010ರವರೆಗೆ ಸತತ ಐದು ಸಲ ಗೆದ್ದದ್ದು ಇಲ್ಲಿಯೇ. ಹಳೆಯ ಲೆಕ್ಕವೇ ಇದ್ದಿದ್ದರೆ 2007ರ ಪಟ್ಟ ಜೆಫ್ ಗಾರ್ಡನ್‌ಗೆ, 2010ರದು ಕೆವಿನ್ ಹಾರ್ವಿಕ್‌ಗೆ ಸಲ್ಲುತ್ತಿತ್ತು. ಜಾನ್ಸನ್ ಓಡಿಸುತ್ತಿದ್ದ 48ನೇ ನಂಬರಿನ ಕಾರಿನ ಪಾಲುದಾರ ಮಾಲೀಕರು ಇದೇ ಗಾರ್ಡನ್! ಹಾಗೆಂದು ಜಾನ್ಸನ್ ಅವರದು ಅದೃಷ್ಟ ಎನ್ನಲಾಗದು. ಯಾವ ಹತ್ತು ರೇಸ್ ಮುಖ್ಯವೋ ಅವಕ್ಕೆ ತಂಡವನ್ನು ಹದಗೊಳಿಸುವುದೂ ವಿದ್ಯೆಯೇ.

2014ರಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಹಂತ ಹಂತವಾಗಿ ಚಾಲಕರು ಹೊರಬಿದ್ದು, ಕೊನೆಗೆ ಉಳಿದ ನಾಲ್ವರಲ್ಲಿ ಅಂತಿಮ ರೇಸಿನಲ್ಲಿ ಮುಂದೆ ಮುಗಿಸಿದವರೇ ಚಾಂಪಿಯನ್ ಎಂಬ ನಿಯಮ 2025ರವರೆಗೆ ಇತ್ತು. 2016ರಲ್ಲಿ ಫ್ಲೋರಿಡಾದ ಹೋಮ್‌ಸ್ಟೆಡ್‌ನಲ್ಲಿ ಜಾನ್ಸನ್ ಸಾಲಿನ ಕೊನೆಯಿಂದ ಹೊರಟು, ಕೊನೆಯ ಮೂರೇ ಸುತ್ತು ಮುನ್ನಡೆಯಲ್ಲಿದ್ದು, ಏಳನೆಯ ಪಟ್ಟ ಕಟ್ಟಿಕೊಂಡರು. 2025ರಲ್ಲಿ ಫೀನಿಕ್ಸ್‌ನಲ್ಲಿ ನಡೆದ ಅಂತಿಮ ರೇಸಿನಲ್ಲಿ ಡೆನ್ನಿ ಹ್ಯಾಮ್ಲಿನ್ ಎಲ್ಲರಿಗಿಂತ ಹೆಚ್ಚು ಸುತ್ತು ಮುಂದಿದ್ದರು. ಒಂದು ಸುತ್ತೂ ಮುಂದಿಲ್ಲದ ಕೈಲ್ ಲಾರ್ಸನ್ ಚಾಂಪಿಯನ್ ಆದರು.