ಅಲಿಯನ್ನು ಹೊಡೆದದ್ದು ಹೋಮ್ಸ್‌ನ ದೊಡ್ಡ ಗೆಲುವಲ್ಲ

ನನ್ನ ಹತ್ತಿರ ಬಾಕ್ಸಿಂಗ್ ಕಲಿಯಲು ಬರುವ ಹುಡುಗರಿಗೆ ಒಂದು ಚಟ. ಸಂಜೆ ಬೆಂಚಿನ ಮೇಲೆ ಕೂತು ಕೈಗೆ ಪಟ್ಟಿ ಸುತ್ತಿಕೊಳ್ಳುವಾಗ ಯಾವ ಬಾಕ್ಸರ್‌ನ ಯಾವ ಗೆಲುವು ದೊಡ್ಡದು ಅಂತ ಲೆಕ್ಕ ಹಾಕುತ್ತಾರೆ. ಹಾಕಲಿ, ಬೇಡ ಅನ್ನಲ್ಲ. ಆದರೆ ಮೊನ್ನೆ ಒಬ್ಬ ಹುಡುಗ, ಹಿಂದಿನ ಹೆವಿವೇಟ್ ವಿಶ್ವ ಚಾಂಪಿಯನ್ ಲ್ಯಾರಿ ಹೋಮ್ಸ್‌ನ ಐದು ದೊಡ್ಡ ಗೆಲುವುಗಳನ್ನು ಬರೆದು ತಂದ. ಮೊದಲ ಸಾಲು: ಮುಹಮ್ಮದ್ ಅಲಿ, 1980.

"ಅಲಿನೇ ಹೊಡೆದಿದ್ದಾನೆ ಸಾರ್, ಇನ್ನೇನು ಬೇಕು?"

ಇದನ್ನು ಎಷ್ಟು ಸಲ ಕೇಳಿದ್ದೇನೋ. ಹುಡುಗರಿಗೆ ಹೇಳಿ ಹೇಳಿ ಸಾಕಾಗಿ, ಈ ಸಲ ಬರೆದೇ ಬಿಡೋಣ ಅಂತ ಕೂತಿದ್ದೇನೆ.

1980ರ ಅಕ್ಟೋಬರ್ 2, ಲಾಸ್ ವೇಗಸ್. ಅಲಿಗೆ 38 ವರ್ಷ. ಎರಡು ವರ್ಷದಿಂದ ಒಂದು ಪಂದ್ಯವನ್ನೂ ಆಡಿರಲಿಲ್ಲ. ಊದಿಕೊಂಡಿದ್ದ ಮೈಯನ್ನು ಕೆಲವೇ ತಿಂಗಳಲ್ಲಿ ಇಳಿಸಿ ಸುಮಾರು 98 ಕಿಲೋಗೆ ತಂದಿದ್ದ. ನೋಡೋಕೆ ಹತ್ತು ವರ್ಷ ಹಿಂದಿನ ಅಲಿ. ಆದರೆ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದ, ಮೈಯಲ್ಲಿ ಶಕ್ತಿಯೇ ಇರಲಿಲ್ಲ. ಹತ್ತು ರೌಂಡ್ ಆಯಿತು, ಹತ್ತೂ ಹೋಮ್ಸ್‌ಗೆ. ಆಮೇಲೆ ಅಲಿಯ ಕೋಚ್ ಆಂಜೆಲೋ ಡಂಡಿ ಸಾಕು ಅಂತ ನಿಲ್ಲಿಸಿದರು. ಹೋಮ್ಸ್ ಒಂದು ಕಾಲದಲ್ಲಿ ಇದೇ ಅಲಿಯ ಸ್ಪಾರಿಂಗ್ ಹುಡುಗ, ಅಂದರೆ ಅಭ್ಯಾಸಕ್ಕೆ ಎದುರು ನಿಲ್ಲುವವನು. ಗೆದ್ದ ಮೇಲೆ ಅವನು ಅತ್ತ.

ಇದನ್ನು ಮೊದಲ ಸಾಲಿನಲ್ಲಿ ಬರೆಯುತ್ತಾರಲ್ಲ, ಏನು ಹೇಳೋಣ?

ನನ್ನದೇ ಒಂದು ಕಥೆ ಇದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನೂ ಒಬ್ಬ ಚಾಂಪಿಯನ್‌ನನ್ನು ಸೋಲಿಸಿದ್ದೆ. ಊರೆಲ್ಲ ಹೇಳಿಕೊಂಡು ತಿರುಗಿದೆ. ಅವನು ಆ ತೂಕದಲ್ಲಿ ಆಡಲೇಬೇಕು ಅಂತ ಎರಡು ದಿನದಲ್ಲಿ ನಾಲ್ಕು ಕಿಲೋ ಇಳಿಸಿದ್ದನಂತೆ. ನೀರೂ ಕುಡಿದಿರಲಿಲ್ಲ. ಎರಡನೇ ರೌಂಡಿನಲ್ಲಿ ಅವನ ತುಟಿ ಬೆಳ್ಳಗಾಗಿತ್ತು. ಅದನ್ನು ನಾನು ನೋಡಿದ್ದೆ. ಆದರೂ ಹೇಳಿಕೊಂಡು ತಿರುಗಿದೆ. ಹೋಗಲಿ ಬಿಡಿ.

ನಾನು ಹುಡುಗರಿಗೆ ಹೇಳೋದು ಇಷ್ಟೇ. ಎದುರಿಗೆ ಇದ್ದವನ ಹೆಸರು ಕೇಳಬೇಡ, ಆವತ್ತು ರಾತ್ರಿ ಅವನು ಹೇಗಿದ್ದ ಕೇಳು. ಗೆಲ್ಲೋಕೆ ಇವನ ಕೈಯಿಂದ ಎಷ್ಟು ಖರ್ಚಾಯಿತು, ಅದನ್ನೂ ಕೇಳು. ಹೆಸರು ಒಂದೇ ಇರುತ್ತದೆ, ಮೈ ಒಂದೇ ಇರಲ್ಲ. 1974ರ ಅಲಿ ಬೇರೆ, 1980ರ ಅಲಿ ಬೇರೆ. ಒಬ್ಬನೇ ಮನುಷ್ಯ ಅಲ್ವಾ ಅಂತ ಕೇಳುತ್ತಾರೆ. ಮನುಷ್ಯ ಒಬ್ಬನೇ ಕಣಪ್ಪಾ, ಬಾಕ್ಸರ್ ಇಬ್ಬರು.

ಹಾಗೆ ನೋಡಿದರೆ ನನ್ನ ಮೊದಲ ಸಾಲು ಕೆನ್ ನಾರ್ಟನ್, 1978ರ ಜೂನ್ 9. ನಾನು ರಿಂಗ್ ಪಕ್ಕ ಕೂತಿದ್ದವನಲ್ಲ, ಟೇಪ್ ನೋಡಿ ಹೇಳುತ್ತಿದ್ದೇನೆ, ಅಷ್ಟು ಎಚ್ಚರಿಕೆ ಇರಲಿ. ನಾರ್ಟನ್‌ಗೂ ಆಗ 34 ವರ್ಷ. ಅವನ ಚಾಂಪಿಯನ್ ಬೆಲ್ಟ್ ರಿಂಗಿನಲ್ಲಿ ಗೆದ್ದದ್ದಲ್ಲ, ಕಾಗದದ ಮೇಲೆ ಕೊಟ್ಟದ್ದು. ಹಾಗಂತ ಸೊರಗಿದವನಲ್ಲ. 1973ರಲ್ಲಿ ಅಲಿಯ ದವಡೆ ಮುರಿದವನು ಅವನು, ಆವತ್ತು ರಾತ್ರಿಯೂ ಮೈ ಕಲ್ಲಿನ ಹಾಗಿತ್ತು. ಹೋಮ್ಸೇ ಆ ಪಂದ್ಯಕ್ಕೆ ಕೆಲವೇ ದಿನ ಮುಂಚೆ ತನ್ನ ಎಡಗೈಗೆ ಪೆಟ್ಟು ಮಾಡಿಕೊಂಡಿದ್ದ. ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಚುರುಕು ಏಟು, ಹೊಡೆಯೋದು ಆ ಕೈಯಲ್ಲೇ. ಹೋಮ್ಸ್‌ನಿಂದ ಜ್ಯಾಬ್ ತೆಗೆದರೆ ದೋಸೆ ಅಂಗಡಿಯಿಂದ ಕಾವಲಿ ತೆಗೆದ ಹಾಗೆ. ಆದರೂ ಶುರುವಿನ ರೌಂಡುಗಳನ್ನು ಅದೇ ಕೈಯಲ್ಲಿ ಗೆದ್ದ. ಆಮೇಲೆ ನಾರ್ಟನ್ ಮೈಮೇಲೆ ಬಿದ್ದು ಬಿದ್ದು ಲೆಕ್ಕ ಸಮ ಮಾಡಿದ.

ಹದಿನಾಲ್ಕು ರೌಂಡ್ ಮುಗಿದಾಗ ಮೂವರು ಜಡ್ಜ್‌ಗಳ ಕಾರ್ಡೂ ಸಮ. ಉಳಿದದ್ದು ಮೂರು ನಿಮಿಷ. ಆ ಹದಿನೈದನೇ ರೌಂಡನ್ನು ಹುಡುಗರಿಗೆ ತೋರಿಸುವಾಗ ನಾನು ದನಿ ಆರಿಸಿಬಿಡುತ್ತೇನೆ. ಸುಮ್ನೆ ಕಾಲು ನೋಡ್ರೋ ಅನ್ನುತ್ತೇನೆ. ಇಬ್ಬರ ಕಾಲೂ ಸೋತಿವೆ. ಇಬ್ಬರೂ ಹಿಂದೆ ಸರಿಯುತ್ತಿಲ್ಲ. ಕೊನೆಯ ಕ್ಷಣಗಳಲ್ಲಿ ಹೋಮ್ಸ್‌ನ ಏಟಿಗೆ ನಾರ್ಟನ್ ಓಲಾಡುತ್ತಾನೆ. ಇಬ್ಬರು ಜಡ್ಜ್‌ಗಳು 143-142 ಹೋಮ್ಸ್‌ಗೆ, ಒಬ್ಬರು ಅದೇ ಅಂಕ ನಾರ್ಟನ್‌ಗೆ. ನಾಕೌಟ್ ಇಲ್ಲ, ಅದಕ್ಕೇ ರೀಲ್‌ಗಳಲ್ಲಿ ಜಾಸ್ತಿ ಸಿಗಲ್ಲ.

ಎರಡನೆಯದು ಅರ್ನಿ ಶೇವರ್ಸ್, 1979ರದು. 1978ರಲ್ಲೂ ಇಬ್ಬರೂ ಆಡಿದ್ದರು. ಆಗ ಹೋಮ್ಸ್ ಸಲೀಸಾಗಿ ಗೆದ್ದಿದ್ದ. ಹುಡುಗರಿಗೆ ಆ ಸಲೀಸು ಗೆಲುವೇ ಚಂದ. ಎರಡನೇ ಸಲ ಏಳನೇ ರೌಂಡಿನಲ್ಲಿ ಶೇವರ್ಸ್‌ನ ಬಲಗೈ ಬಿತ್ತು. ಹೋಮ್ಸ್ ಅಂಗಾತ ಬಿದ್ದ. ಶೇವರ್ಸ್ ಹಾಗೆ ಹೊಡೆದರೆ ಏಳುವವರು ಕಡಿಮೆ. ಇವನು ಎದ್ದ, ಹನ್ನೊಂದನೇ ರೌಂಡಿನಲ್ಲಿ ಗೆದ್ದ. ಬಿದ್ದನಲ್ಲ ಸಾರ್, ಅದು ಮೈನಸ್ ಅಲ್ವಾ ಅಂತಾನೆ ಪಟ್ಟಿ ತಂದ ಹುಡುಗ. ಬೀಳದೆ ಏಳೋದು ಹೇಗೋ ಮಾರಾಯ!

ಮೂರಕ್ಕೆ ಗೆರಿ ಕೂನಿ, 1982. ಒಂದೂ ಸೋಲದ, ಒಳ್ಳೆ ಪ್ರಾಯದ, ಭಾರೀ ಎಡಗೈಯವ. ಬಿಳಿಯ ಅನ್ನೋ ಕಾರಣಕ್ಕೇ ಅರ್ಧ ಅಮೆರಿಕ ಅವನ ಬೆನ್ನಿಗಿತ್ತು. ಹೋಮ್ಸ್ ಹದಿಮೂರನೇ ರೌಂಡಿನಲ್ಲಿ ಮುಗಿಸಿದ. ಆಮೇಲೆ ಇಬ್ಬರೂ ಸ್ನೇಹಿತರಾದರು.

ಹೆಸರಿನ ಮೋಸ ಇನ್ನೊಂದು ಕಡೆಯಿಂದಲೂ ಆಗುತ್ತದೆ. 1979ರಲ್ಲಿ ಮೈಕ್ ವೀವರ್ ಅಂದರೆ ಜನಕ್ಕೆ ಲೆಕ್ಕಕ್ಕಿಲ್ಲ. ಅವನು ಹೋಮ್ಸ್‌ಗೆ ಹನ್ನೆರಡು ರೌಂಡ್ ಬೆವರಿಳಿಸಿಯೇ ಸೋತ. ಮರುವರ್ಷ ಅವನೇ ಡಬ್ಲ್ಯೂಬಿಎ (ವಿಶ್ವ ಬಾಕ್ಸಿಂಗ್ ಸಂಸ್ಥೆ) ಚಾಂಪಿಯನ್. ನನ್ನ ಪಟ್ಟಿಯಲ್ಲಿ ಅಲಿ ಇಲ್ಲ, ವೀವರ್ ಇದ್ದಾನೆ. ಟಿಮ್ ವಿದರ್‌ಸ್ಪೂನ್ ಮೇಲಿನ 1983ರ ಗೆಲುವನ್ನು ಮಾತ್ರ ಬಿಟ್ಟಿದ್ದೇನೆ. ಸೋತವನೇ ಗೆದ್ದಿದ್ದ ಅನ್ನುವವರು ತುಂಬ ಜನ. ನನಗೂ ಅನುಮಾನ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗ ತಲೆ ಕೆರೆದುಕೊಂಡ. "ಹಾಗಾದ್ರೆ ಸಾರ್, ಟೈಸನ್ 1988ರಲ್ಲಿ ಹೋಮ್ಸ್‌ನ ನಾಲ್ಕನೇ ರೌಂಡಲ್ಲಿ ಮಲಗಿಸಿದನಲ್ಲ?"

ಹೋಮ್ಸ್ ವಯಸ್ಸು ಎಷ್ಟಿತ್ತು ನೋಡು ಅಂದೆ. ಮೊಬೈಲ್ ತೆಗೆದ. ಮೂವತ್ತೆಂಟು. ಅದಕ್ಕೆ ಮುಂಚಿನ ಪಂದ್ಯ? 1986ರ ಏಪ್ರಿಲ್. ಹೆಚ್ಚುಕಮ್ಮಿ ಎರಡು ವರ್ಷ ಖಾಲಿ. ಅವನ ಮುಖ ಇಳಿಯಿತು. ಟೈಸನ್ ಅಂದರೆ ಪ್ರಾಣ ಅವನಿಗೆ.

"ಆದ್ರೆ ಸಾರ್," ಅಂದ ಸ್ವಲ್ಪ ಹೊತ್ತು ಬಿಟ್ಟು, "1992ರಲ್ಲಿ ರೇ ಮರ್ಸರ್‌ನ ಹೊಡೆದಾಗ ಹೋಮ್ಸ್‌ಗೆ ನಲವತ್ತೆರಡು. ಮರ್ಸರ್ ಒಲಿಂಪಿಕ್ ಚಿನ್ನದವನು, ಆವರೆಗೆ ಸೋತೇ ಇರಲಿಲ್ಲ. ನೀವ್ಯಾಕೆ ಅದನ್ನ ಹೇಳಲಿಲ್ಲ?"

ನಿಜಕ್ಕೂ ಮರೆತಿದ್ದೆ. ಕೂನಿಗಿಂತ ಮೇಲೆ ಹಾಕಬೇಕೋ ಕೆಳಗೋ ಅಂತ ಇಬ್ಬರೂ ವಾದಕ್ಕೆ ಬಿದ್ದೆವು. ಆವತ್ತು ಅವನ ಎಡಗೈಗೆ ಪಟ್ಟಿ ಸುತ್ತಿದ್ದು ಅರ್ಧದಲ್ಲೇ ಉಳಿಯಿತು.